ಕಿವಿಯಲ್ಲಿ ಯಂತ್ರವಿದ್ದರೂ ಕೈ ಸುಮ್ಮನಿರಬಾರದು

ಕಿವಿ ಸರಿಯಾಗಿ ಕೇಳದ ಮಗುವಿನ ಜೊತೆ ಸನ್ನೆಯಲ್ಲಿ ಮಾತಾಡುವುದಾದರೆ, ಮೊದಲು ಕಿಟಕಿಗೆ ಬೆನ್ನು ಹಾಕಿ ಕುಳಿತುಕೊಳ್ಳುವುದನ್ನು ಬಿಡಿ. ಬೆಳಕು ನಿಮ್ಮ ಮುಖದ ಮೇಲೆ, ಕೈಗಳ ಮೇಲೆ ಬೀಳಬೇಕು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ಇದಕ್ಕಾಗಿಯೇ ಸೋಫಾದ ಜಾಗ ಬದಲಾಯಿತು. ಮೊಮ್ಮಗಳ ಎರಡೂ ಕಿವಿಗಳಿಗೆ ಶ್ರವಣ ಸಾಧನವಿದೆ. "ಯಂತ್ರ ಹಾಕಿದ ಮೇಲೆ ಸನ್ನೆ ಯಾಕೆ, ಮಗು ಮಾತೇ ಕಲಿಯುವುದಿಲ್ಲ" ಎಂದು ಊರಿನಿಂದ ಬಂದವರೆಲ್ಲ ಉಪದೇಶ ಕೊಡುತ್ತಾರೆ. ಅದು ಹಳೆಯ ಹೆದರಿಕೆ, ಕಿವಿಗೆ ಹಾಕಿಕೊಳ್ಳಬೇಡಿ. ಯಂತ್ರ ನಮ್ಮ ಮಾತನ್ನು ಹಿಗ್ಗಿಸುವಾಗ ಕುಕ್ಕರಿನ ಸೀಟಿಯನ್ನೂ ಫ್ಯಾನಿನ ಸದ್ದನ್ನೂ ಹಿಗ್ಗಿಸುತ್ತದೆ; ನಾವು ದೂರ ಹೋದಂತೆ ಅದರ ಉಪಯೋಗ ಕಡಿಮೆಯಾಗುತ್ತದೆ.

ಯಂತ್ರ ಕಿವಿಯಲ್ಲಿಲ್ಲದ ಹೊತ್ತು ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಸ್ನಾನ, ನಿದ್ದೆ, ಬ್ಯಾಟರಿ ಮುಗಿದ ಗಳಿಗೆ. ಕಿವಿ ಬೆಳೆದಂತೆ, ಯಂತ್ರವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಸಡಿಲವಾಗಿ ಯಂತ್ರ ಕುಯ್ಯೆನ್ನುತ್ತದೆ. ಹೊಸ ಅಚ್ಚು ಬರುವ ತನಕ ಕಾಯಬೇಕು. ಮುಂಬಯಿಯ ಮಳೆಗಾಲದಲ್ಲಂತೂ ತೇವವೇ ದೊಡ್ಡ ಶತ್ರು. ರಾತ್ರಿ ಬ್ಯಾಟರಿ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಯಂತ್ರವನ್ನು ಮುಚ್ಚಿಡಿ.

ಹಾಗಾಗಿ ಸನ್ನೆಯ ಪಾಠ ಬಚ್ಚಲುಮನೆಯಿಂದ ಶುರುವಾಗಲಿ ಎನ್ನುವುದು ನನ್ನ ಹಟ. ಬಣ್ಣ, ಪ್ರಾಣಿಗಳ ಹೆಸರು ಆಮೇಲೆ ಬರಲಿ. ನೀರು, ಬಿಸಿ, ಸೋಪು, ತಲೆ, ಇನ್ನೊಂದು ಚೊಂಬು, ಸಾಕು: ಇಷ್ಟು ಮೊದಲು. ತಲೆಗೆ ನೀರು ಸುರಿಯುವ ಮುಂಚೆಯೇ ಏನಾಗಲಿದೆ ಎಂದು ಸನ್ನೆಯಲ್ಲಿ ಹೇಳಿ ಮುಗಿಸಿ. ನೊರೆ ಇಳಿದು ಕಣ್ಣು ಮುಚ್ಚಿದ ಮೇಲೆ ಆ ಮಗುವಿಗೆ ನಿಮ್ಮ ದನಿಯೂ ಇಲ್ಲ, ಕೈಯೂ ಇಲ್ಲ. ಆ ಹೊತ್ತಿಗೆ ಒಂದು ಸ್ಪರ್ಶವನ್ನು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಭುಜ ಒಮ್ಮೆ ತಟ್ಟಿದರೆ ಇನ್ನೊಂದು ಚೊಂಬು, ಎರಡು ಸಲ ತಟ್ಟಿದರೆ ಮುಗಿಯಿತು. ಇದು ಮನೆಯ ಒಪ್ಪಂದವಷ್ಟೇ, ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಮಲಗುವಾಗಲೂ ಹೀಗೆಯೇ: ಕಥೆ ಪೂರ್ತಿ ಮುಗಿದ ಮೇಲೆ ದೀಪ ಆರಿಸಿ. ಕತ್ತಲಲ್ಲಿ "ಇನ್ನೊಂದು ವಿಷಯ" ಎನ್ನುವ ಅಜ್ಜಿಯರ ಚಾಳಿ ಇಲ್ಲಿ ನಡೆಯುವುದಿಲ್ಲ.

ಗಮನ ಸೆಳೆಯಲು ಗಲ್ಲ ಹಿಡಿದು ತಿರುಗಿಸಬೇಡಿ. ಕೈ ಬೀಸಿ, ಭುಜ ಮುಟ್ಟಿ, ಇಲ್ಲವೇ ದೀಪವನ್ನು ಒಮ್ಮೆ ಆರಿಸಿ ಮತ್ತೆ ಹಾಕಿ. ಪುಸ್ತಕ ತೋರಿಸುವಾಗ ಅವಸರ ಬೇಡ. ಮಗು ಆನೆಯ ಚಿತ್ರವನ್ನೂ ನಿಮ್ಮ ಕೈಯನ್ನೂ ಒಟ್ಟಿಗೆ ನೋಡಲಾರದು. ಚಿತ್ರ ನೋಡಿ ಮುಗಿಸಿ ತಲೆ ಎತ್ತಲಿ, ಆಗ ಸನ್ನೆ ಮಾಡಿ. ಪ್ರಶ್ನೆಯಾದರೆ ಹುಬ್ಬೂ ಕೆಲಸ ಮಾಡಬೇಕು. ಕಲ್ಲಿನಂತಹ ಮುಖ ಇಟ್ಟುಕೊಂಡರೆ ಅರ್ಧ ಅರ್ಥ ಹೋಯಿತು.

ಮೊಬೈಲಿನಲ್ಲಿ ಸನ್ನೆಗಳನ್ನು ಹುಡುಕಿದರೆ ಅಮೆರಿಕದ ವಿಡಿಯೊಗಳೇ ಮೊದಲು ಸಿಗುತ್ತವೆ. ಅವರದು ಬೇರೆಯೇ ಸನ್ನೆ ಭಾಷೆ. ಅವರು ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ಭಾರತೀಯ ಸಂಜ್ಞಾ ಭಾಷೆಯಲ್ಲಿ ಎರಡೂ ಕೈ ಬೇಕು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು ಪುಕ್ಕಟೆ ಸಿಗುತ್ತದೆ. 2021ರ ಹೊತ್ತಿಗೆ ಅದರಲ್ಲಿ 10,000 ಪದಗಳಾಗಿದ್ದವು. ಅಜ್ಜನ ತುಳು, ನನ್ನ ಕನ್ನಡ, ಪಕ್ಕದ ಮನೆಯ ಮರಾಠಿ, ಕಟ್ಟಡದ ಕಾವಲುಗಾರನ ಹಿಂದಿ, ಇಷ್ಟರ ನಡುವೆ ಬೆಳೆಯುವ ಮಗುವಿಗೆ ಎಲ್ಲರ ಕೈಯಲ್ಲೂ ಒಂದೇ ಸನ್ನೆ ಕಾಣುವುದು ಸಣ್ಣ ಉಪಕಾರವಲ್ಲ.

ಲೋಕಲ್ ರೈಲಿನಲ್ಲಿ, ಗಣಪತಿ ವಿಸರ್ಜನೆಯ ಢೋಲ್ ತಾಷೆಯ ನಡುವೆ, ಮಗು ಯಂತ್ರವನ್ನು ಕಿತ್ತು ನಿಮ್ಮ ಕೈಗೆ ಕೊಟ್ಟರೆ ಗದರಬೇಡಿ. ಡಬ್ಬಿಗೆ ಹಾಕಿ, ಸನ್ನೆಯಲ್ಲೇ ಮಾತು ಮುಂದುವರಿಸಿ. ಆ ಗದ್ದಲದಲ್ಲಿ ನಮ್ಮ ಮಗಳು ಅಳಿಯ ಒಬ್ಬರಿಗೊಬ್ಬರು ಕಿರುಚುತ್ತಿರುತ್ತಾರೆ, ನಾನೂ ಮೊಮ್ಮಗಳೂ ಆರಾಮವಾಗಿ ಹರಟುತ್ತಿರುತ್ತೇವೆ.

ಇನ್ನೊಂದು. ಕನ್ನಡ ಮಾತಾಡುತ್ತ ನಡುನಡುವೆ ಸನ್ನೆ ಸೇರಿಸುವುದು ಒಳ್ಳೆಯ ಆರಂಭ, ಆದರೆ ಪೂರ್ತಿ ಭಾಷೆ ಅದಲ್ಲ. ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ, ಅದನ್ನು ಕಿವುಡರಿಂದಲೇ ಕಲಿಯಬೇಕು. ಮುಂಬಯಿಯ ಬಾಂದ್ರಾ ರೆಕ್ಲಮೇಶನ್‌ನಲ್ಲಿ 1983ರಿಂದ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಗೆ ಕಿವಿಯ ತಪಾಸಣೆಗೆ ಹೋದರೆ ಸಂಜ್ಞಾ ಭಾಷೆಯ ತರಗತಿಗಳ ಬಗ್ಗೆಯೂ ಕೇಳಿ. ಹೋಗುವಾಗ ತಂದೆತಾಯಿಯ ಜೊತೆಗೆ ದಿನವಿಡೀ ಮಗುವನ್ನು ನೋಡಿಕೊಳ್ಳುವವರನ್ನೂ ಕರೆದುಕೊಂಡು ಹೋಗಿ.