ಭಾರದ ಸರಕಿಗೆ ರಟ್ಟಿನ ಬಾಕ್ಸ್: ಪ್ಲೈ ಎಣಿಸುವ ಮೊದಲು ಮಾಡಬೇಕಾದ ಲೆಕ್ಕ

ಪೇರಿಸಿಟ್ಟ ಬಾಕ್ಸ್‌ಗಳಲ್ಲಿ ಮೊದಲು ಕುಸಿಯುವುದು ತಳದ ಸಾಲು. ಒಳಗಿನ ಸರಕು ಮೇಲಿನ ಸಾಲಿನಷ್ಟೇ ತೂಕದ್ದು, ರಟ್ಟೂ ಅದೇ. ವ್ಯತ್ಯಾಸ ಇರುವುದು ತಲೆಯ ಮೇಲಿನ ಹೊರೆಯಲ್ಲಿ. ಆ ಹೊರೆ ಎಷ್ಟು ದಿನ ಕೂರುತ್ತದೆ, ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವವಿದೆ ಎಂಬುದೂ ಸೇರಿದರೆ ಬಾಕ್ಸ್‌ನ ಹಣೆಬರಹ ತೀರ್ಮಾನವಾದಂತೆಯೇ. ಹಾಗಾಗಿ ‘25 ಕೆಜಿಗೆ ಐದು ಪ್ಲೈ, ಅಂದರೆ ಐದು ಪದರದ ರಟ್ಟು, ಸಾಕೇ?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಎಷ್ಟು ಎತ್ತರ ಪೇರಿಸುತ್ತೀರಿ, ಎಲ್ಲಿ, ಎಷ್ಟು ದಿನ ಎಂಬುದು ಮೊದಲು ಗೊತ್ತಾಗಬೇಕು.

ರಟ್ಟನ್ನು ಕೈಯಲ್ಲಿ ಹಿಡಿದು ನೋಡಿ

ಮೂರು ಪ್ಲೈ ಎಂದರೆ ಎರಡು ಚಪ್ಪಟೆ ಹಾಳೆ, ನಡುವೆ ಅಲೆಯಲೆಯಾದ ಒಂದು ಹಾಳೆ. ಚಪ್ಪಟೆ ಹಾಳೆಗೆ ಲೈನರ್, ಅಲೆಗೆ ಫ್ಲೂಟ್ ಎನ್ನುತ್ತಾರೆ. ಐದು ಪ್ಲೈನಲ್ಲಿ ಮೂರು ಲೈನರ್, ಎರಡು ಫ್ಲೂಟ್. ಏಳು ಪ್ಲೈನಲ್ಲಿ ನಾಲ್ಕು ಮತ್ತು ಮೂರು. ಫ್ಲೂಟ್‌ನಲ್ಲೂ ಬಗೆಗಳಿವೆ. ಎ ಫ್ಲೂಟ್ ಸುಮಾರು 5 ಮಿ.ಮೀ ಎತ್ತರ, ಸಿ ಸುಮಾರು 4, ಬಿ ಸುಮಾರು 3. ಅಲೆ ಎತ್ತರವಾದಷ್ಟೂ ಬಾಕ್ಸ್ ಮೇಲಿನ ಹೊರೆಯನ್ನು ಚೆನ್ನಾಗಿ ತಡೆಯುತ್ತದೆ. ಅಲೆ ಗಿಡ್ಡವಾಗಿ ಒತ್ತೊತ್ತಾಗಿದ್ದರೆ ರಟ್ಟು ಸುಲಭಕ್ಕೆ ಜಜ್ಜಿಹೋಗುವುದಿಲ್ಲ. ಭಾರದ ಬಾಕ್ಸ್‌ಗಳಲ್ಲಿ ಬಿ ಮತ್ತು ಸಿ ಸೇರಿಸಿದ ಸುಮಾರು 7 ಮಿ.ಮೀ ದಪ್ಪದ ಐದು ಪ್ಲೈ ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ. ಬಿ ಹೊರಮೈಯಲ್ಲಿದ್ದರೆ ಅಚ್ಚೂ ನೀಟಾಗಿ ಮೂಡುತ್ತದೆ.

ಪ್ಲೈ ಎಣಿಕೆ ಕಾಗದದ ಗುಣವನ್ನು ಹೇಳುವುದಿಲ್ಲ. ನಾರು ಉದ್ದವಿರುವ ಹೊಸ ಕ್ರಾಫ್ಟ್ ಕಾಗದದ ಐದು ಪ್ಲೈಗೂ ಹಲವು ಸಲ ಮರುಬಳಕೆಯಾದ ಕಾಗದದ ಐದು ಪ್ಲೈಗೂ ನೋಟದಲ್ಲಿ ವ್ಯತ್ಯಾಸ ಕಾಣದಿರಬಹುದು, ಬಲದಲ್ಲಿ ಬಹಳ ಇರುತ್ತದೆ. ಕಾಗದ ಹೇಳಿದಷ್ಟು ಇದೆಯೇ ಎಂಬುದನ್ನಾದರೂ ಮನೆಯ ತಕ್ಕಡಿಯಲ್ಲೇ ಪರೀಕ್ಷಿಸಬಹುದು. ಮಾದರಿ ಬಾಕ್ಸ್‌ನಿಂದ 10×10 ಸೆಂ.ಮೀ ಚೌಕ ಕತ್ತರಿಸಿ. ಅದರ ಅಂಚಿನಲ್ಲಿ ಅಲೆಗಳನ್ನು ಎಣಿಸಿ: ಬಿ ಫ್ಲೂಟ್ ಆದರೆ 15ರ ಆಸುಪಾಸು, ಸಿ ಆದರೆ 13, ಎ ಆದರೆ 11. ಆಮೇಲೆ ಗ್ರಾಂನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿಯಲ್ಲಿ ತೂಗಿ, ಬಂದ ಅಂಕಿಯನ್ನು 100ರಿಂದ ಗುಣಿಸಿದರೆ ರಟ್ಟಿನ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್‌ನ ತೂಕ, ಸಿಗುತ್ತದೆ. ಎಲ್ಲ ಹಾಳೆಯೂ 150 ಜಿಎಸ್‌ಎಂ ಎಂದು ಮಾರುವವರು ಹೇಳಿದ್ದರೆ ಮೂರು ಲೈನರ್‌ಗೆ 450. ಅಲೆಯ ಹಾಳೆ ಮಡಚಿಕೊಳ್ಳುವುದರಿಂದ ಬಿಗೆ ಸುಮಾರು 1.35 ಪಟ್ಟು, ಸಿಗೆ ಸುಮಾರು 1.45 ಪಟ್ಟು ಕಾಗದ ಹಿಡಿಯುತ್ತದೆ, ಅದು 420. ಒಟ್ಟು 870. ನಿಮ್ಮ ಚೌಕ 8.7 ಗ್ರಾಂ ಮತ್ತು ಗೋಂದಿನ ಅಲ್ಪ ತೂಕ ತೂಗಬೇಕು. 7 ಗ್ರಾಂ ಬಂದರೆ ಎಲ್ಲೋ ತೆಳು ಹಾಳೆ ಸೇರಿದೆ. ಯಾವುದು ಎಂದು ತಿಳಿಯಲು ಚೌಕವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಪದರಗಳನ್ನು ಬಿಡಿಸಿ, ಒಣಗಿಸಿ, ಒಂದೊಂದನ್ನೇ ತೂಗಿ. ತೂಕ ಕಾಗದದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ಗುಣಕ್ಕೆ ಪರೀಕ್ಷಾ ವರದಿಯೇ ಬೇಕು.

ವರದಿಯಲ್ಲಿ ಎರಡು ಅಂಕಿ ಬೇರೆ ಬೇರೆ ಮಾತು ಹೇಳುತ್ತವೆ. ಬರ್ಸ್ಟಿಂಗ್ ಸ್ಟ್ರೆಂತ್ ಹೇಳುವುದು ರಟ್ಟಿನ ಮೈ ಎಷ್ಟು ಒತ್ತಡಕ್ಕೆ ಹರಿಯುತ್ತದೆ ಎಂದು. ಒಳಗಿನಿಂದ ತಿವಿಯುವ ಕಬ್ಬಿಣದ ಬಿಡಿಭಾಗಗಳಿಗೆ ಇದು ಮುಖ್ಯ. ಇಸಿಟಿ (ಎಡ್ಜ್ ಕ್ರಷ್ ಟೆಸ್ಟ್) ಹೇಳುವುದು ನಿಲ್ಲಿಸಿದ ರಟ್ಟಿನ ಅಂಚು ಎಷ್ಟು ಹೊರೆಗೆ ಕುಸಿಯುತ್ತದೆ ಎಂದು. ಪೇರಿಸುವುದಕ್ಕೆ ಬೇಕಾದದ್ದು ಇದು. ಬರ್ಸ್ಟಿಂಗ್ ಅಂಕಿ ಚೆನ್ನಾಗಿದೆ ಎಂದು ಎಂಟು ಸಾಲು ಪೇರಿಸುವುದೇ ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವ ತಪ್ಪು.

ಹೊರೆಯ ಲೆಕ್ಕ

ಹೊರಅಳತೆಯಲ್ಲಿ 500×300×300 ಮಿ.ಮೀ ಬಾಕ್ಸ್ ತೆಗೆದುಕೊಳ್ಳಿ. 1200×1000 ಮಿ.ಮೀ ಪ್ಯಾಲೆಟ್ (ಸರಕು ಪೇರಿಸಿ ಎತ್ತುವ ಹಲಗೆಕಟ್ಟು) ಮೇಲೆ ಒಂದು ಪದರಕ್ಕೆ ಎಂಟು ಸರಿಯಾಗಿ ಕೂರುತ್ತವೆ. ತುಂಬಿದ ಬಾಕ್ಸ್ 25 ಕೆಜಿ. ಆರು ಸಾಲು ಪೇರಿಸಿದರೆ ತಳದ ಬಾಕ್ಸ್ ಮೇಲೆ ಐದು ಬಾಕ್ಸ್, ಅಂದರೆ 125 ಕೆಜಿ.

125 ಕೆಜಿ ತಡೆಯುವ ಬಾಕ್ಸ್ ಕೊಂಡರೆ ಅದು ಕುಸಿಯುವುದು ಖಂಡಿತ. ಪ್ರಯೋಗಾಲಯದಲ್ಲಿ ಒಣ ಬಾಕ್ಸನ್ನು ನಿಮಿಷಗಳಲ್ಲಿ ಒತ್ತಿ ಅಳೆಯುತ್ತಾರೆ. ಗೋದಾಮಿನಲ್ಲಿ ಅದು ತೇವ ಹೀರುತ್ತಾ ತಿಂಗಳುಗಟ್ಟಲೆ ನಿಲ್ಲಬೇಕು. ಪ್ಯಾಕಿಂಗ್ ಕೆಲಸದಲ್ಲಿ ಬಳಕೆಯಲ್ಲಿರುವ ಅಂದಾಜಿನಂತೆ ಗಾಳಿಯ ತೇವ ಶೇ 80 ಇದ್ದರೆ ಬಲದಲ್ಲಿ ಶೇ 68 ಮಾತ್ರ ಉಳಿಯುತ್ತದೆ, ಶೇ 90ಕ್ಕೆ ಅರ್ಧಕ್ಕಿಂತ ಕಡಿಮೆ. ಹೊರೆ 30 ದಿನ ಕೂತರೆ ಉಳಿಯುವುದು ಶೇ 60, 90 ದಿನಕ್ಕೆ ಶೇ 55. ಬಾಕ್ಸ್‌ಗಳು ಒಂದರ ಮೇಲೊಂದು ಸ್ವಲ್ಪ ಆಚೀಚೆ ಕೂತಿದ್ದರೆ ಶೇ 85.

ಶೇ 80 ತೇವ, 30 ದಿನ, ಸ್ವಲ್ಪ ಸೊಟ್ಟ ಎಂದಿಟ್ಟುಕೊಂಡರೆ 0.68 × 0.60 × 0.85 = ಸುಮಾರು 0.35. 125ನ್ನು ಇದರಿಂದ ಭಾಗಿಸಿದರೆ ಸುಮಾರು 360 ಕೆಜಿ. ಒಣ ಸ್ಥಿತಿಯಲ್ಲಿ ಬಾಕ್ಸ್‌ಗೆ ಇರಬೇಕಾದ ಬಲ ಅಷ್ಟು. ನ್ಯೂಟನ್‌ನಲ್ಲಿ ಸುಮಾರು 3,530.

ಇದನ್ನು ರಟ್ಟಿನ ಅಂಕಿಗೆ ಇಳಿಸಲು 1963ರಿಂದ ಬಳಕೆಯಲ್ಲಿರುವ ಮೆಕ್ಕಿ ಸೂತ್ರವಿದೆ: ಬಾಕ್ಸ್‌ನ ಬಲ = 5.876 × ಇಸಿಟಿ × √(ಸುತ್ತಳತೆ × ದಪ್ಪ). ಇಸಿಟಿ ಮೀಟರ್‌ಗೆ ಕಿಲೋನ್ಯೂಟನ್‌ನಲ್ಲಿ, ಸುತ್ತಳತೆ ಮತ್ತು ದಪ್ಪ ಮಿ.ಮೀನಲ್ಲಿ ಹಾಕಿದರೆ ಉತ್ತರ ನ್ಯೂಟನ್‌ನಲ್ಲಿ ಬರುತ್ತದೆ. ನಮ್ಮ ಬಾಕ್ಸ್‌ನ ಸುತ್ತಳತೆ 1600, ದಪ್ಪ 7. ಬೇಕಾದ ಇಸಿಟಿ ಸುಮಾರು 5.7. ಇಸಿಟಿ 7ರ ಐದು ಪ್ಲೈ ಇಲ್ಲಿ ಧಾರಾಳವಾಯಿತು.

ಈಗ ಅದೇ ಪ್ಯಾಲೆಟ್ ಮೇಲೆ ಇನ್ನೊಂದು ತುಂಬಿದ ಪ್ಯಾಲೆಟ್ ಕೂರಿಸಿ. ತಳದ ಬಾಕ್ಸ್ ಮೇಲೆ ಹನ್ನೊಂದು ಬಾಕ್ಸ್, ಬೇಕಾದ ಬಲ ಸುಮಾರು 800 ಕೆಜಿ, ಇಸಿಟಿ 12.6. ಐದು ಪ್ಲೈನಲ್ಲಿ ತೀರಾ ದಪ್ಪ ಕಾಗದ ಬೇಕು, ಇಲ್ಲವೇ ಏಳು ಪ್ಲೈಗೆ ಹೋಗಬೇಕು. ಗೋದಾಮಿನಲ್ಲಿ ರ‍್ಯಾಕ್ ಹಾಕಿಸಿ ಎರಡನೆಯ ಪ್ಯಾಲೆಟ್‌ನ ಭಾರ ಬಾಕ್ಸ್ ಮೇಲೆ ಬೀಳದಂತೆ ಮಾಡಿದರೆ ಆ ಖರ್ಚೇ ಬೇಡ.

ಪೇರಿಸುವ ರೀತಿಯೂ ಇಷ್ಟೇ ದೊಡ್ಡ ವಿಷಯ. ಖಾಲಿ ಬಾಕ್ಸ್‌ನ ಬಲದಲ್ಲಿ ಬಹುಪಾಲು ನಾಲ್ಕು ಮೂಲೆಗಳದ್ದು. ಮೂಲೆಯ ಮೇಲೆ ಮೂಲೆ ಕೂತರೆ ಬಲ ಉಳಿಯುತ್ತದೆ. ಜಾರದಿರಲಿ ಎಂದು ಇಟ್ಟಿಗೆ ಗೋಡೆಯಂತೆ ಅಡ್ಡಡ್ಡ ಜೋಡಿಸಿದರೆ ಮೇಲಿನ ಬಾಕ್ಸ್‌ನ ಮೂಲೆ ಕೆಳಗಿನದರ ಮೆತ್ತನೆಯ ನಡುಭಾಗಕ್ಕೆ ಒತ್ತುತ್ತದೆ, ಬಲ ಅರ್ಧದಷ್ಟು ಹೋಗುತ್ತದೆ. ನೇರ ಕಂಬದಂತೆ ಜೋಡಿಸಿ, ಮೇಲಿನ ಒಂದು ಪದರವನ್ನು ಮಾತ್ರ ಅಡ್ಡ ಹಾಕಿ, ಸ್ಟ್ರೆಚ್ ಫಿಲ್ಮ್ ಸುತ್ತಿ. ಬಾಕ್ಸ್ ಪ್ಯಾಲೆಟ್‌ನಿಂದ ಹೊರಚಾಚಿದರೂ ಶೇ 20ರಿಂದ 40ರಷ್ಟು ಬಲ ನಷ್ಟ. ಅಳತೆ ಹೇಳುವಾಗಲೇ ಪ್ಯಾಲೆಟ್ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ.

ಸರಕಿಗೆ ತಕ್ಕ ಬಾಕ್ಸ್

ಬೋಲ್ಟು, ಎರಕದ ಭಾಗಗಳಂಥ ಭಾರದ ಸರಕಿಗೆ ಬಾಕ್ಸ್ ಚಿಕ್ಕದಿರಲಿ. ದೊಡ್ಡ ಬಾಕ್ಸ್‌ನಲ್ಲಿ ಅರ್ಧ ಜಾಗ ಖಾಲಿ ಉಳಿದರೆ ಸರಕು ಓಡಾಡಿ ರಟ್ಟನ್ನು ತೂತು ಮಾಡುತ್ತದೆ. ತಳದ ಮಡಿಕೆಗಳು ಒಂದರ ಮೇಲೊಂದು ಪೂರ್ತಿ ಕೂರುವ ಬಗೆಯ ಬಾಕ್ಸ್ ಅಥವಾ ತಳಕ್ಕೆ ಒಂದು ರಟ್ಟಿನ ಹಾಸು ಬೇಕೇ ಬೇಕು. ಪುಡಿ, ಬೀಜ, ಪ್ಲಾಸ್ಟಿಕ್ ಕಾಳುಗಳು ಬದಿಗೆ ಒತ್ತುತ್ತವೆ. ಬಾಕ್ಸ್ ಹೊಟ್ಟೆ ಬಿಡುತ್ತದೆ, ಹೊಟ್ಟೆ ಬಿಟ್ಟ ಗೋಡೆ ಹೊರೆ ಹೊರಲಾರದು. ಪ್ಯಾಲೆಟ್ ಗಾತ್ರದ ದೊಡ್ಡ ಬಾಕ್ಸ್‌ನಲ್ಲಿ ಇಂಥ ಸರಕು ತುಂಬುವುದಾದರೆ ಎಂಟು ಮೂಲೆಯದನ್ನು ಆರಿಸಿ, ಗೋಡೆಯ ಅಗಲ ಕಡಿಮೆಯಾಗಿ ಉಬ್ಬುವುದು ಕಡಿಮೆಯಾಗುತ್ತದೆ.

ಹಣ್ಣು ತರಕಾರಿಯ ಕಥೆ ಬೇರೆ. ಅಲ್ಲಿ ಹೊರೆಯನ್ನು ಬಾಕ್ಸ್ ಹೊರಬೇಕು, ಹಣ್ಣಲ್ಲ. ಕಂಠಮಟ್ಟ ತುಂಬಿ ಮುಚ್ಚಳ ಒತ್ತಿ ಟೇಪ್ ಹಾಕಿದರೆ ಮೇಲಿನ ಸಾಲಿನ ಭಾರ ನೇರ ಹಣ್ಣಿಗೇ ಬೀಳುತ್ತದೆ. ಹಣ್ಣು ಕಟಾವಿನ ನಂತರವೂ ಉಸಿರಾಡುತ್ತಾ ನೀರಾವಿ ಬಿಡುತ್ತದೆ. ಗಾಳಿಗಂಡಿ ಬದಿಯ ವಿಸ್ತೀರ್ಣದ ಶೇ 5ರಷ್ಟಿರಲಿ. ದುಂಡು ತೂತಿಗಿಂತ ನಿಂತ ಉದ್ದ ಸೀಳು ಒಳ್ಳೆಯದು. ಮೂಲೆಯಿಂದಲೂ ಮಡಿಕೆಗೆರೆಯಿಂದಲೂ ಕನಿಷ್ಠ 50 ಮಿ.ಮೀ ದೂರವಿರಲಿ, ಪೇರಿಸಿದಾಗ ಅಕ್ಕಪಕ್ಕದ ಗಂಡಿಗಳು ಎದುರುಬದುರಾಗಲಿ. ತಂಪುಕೋಣೆಯಿಂದ ಹೊರಬಂದ ಬಾಕ್ಸ್ ಬೆವರುತ್ತದೆ. ಸಾಮಾನ್ಯ ಗಂಜಿ ಗೋಂದು ಆಗ ಬಿಟ್ಟುಕೊಳ್ಳುತ್ತದೆ. ನೀರು ತಡೆಯುವ ಗೋಂದು ಎಂದು ಆರ್ಡರ್‌ನಲ್ಲಿ ಬರೆಸಿ, ಹೊರ ಲೈನರ್ ನೀರು ಹೀರುವ ಪ್ರಮಾಣಕ್ಕೆ ಕಾಬ್ ಅಂಕಿ ಕೇಳಿ.

ಆರ್ಡರ್, ಮತ್ತು ಬಂದ ಮೇಲೆ

ಒಳಅಳತೆಯನ್ನು ಉದ್ದ, ಅಗಲ, ಎತ್ತರ ಈ ಕ್ರಮದಲ್ಲಿ ಬರೆಯಿರಿ. ಪ್ಲೈ, ಫ್ಲೂಟ್, ಪ್ರತಿ ಹಾಳೆಯ ಜಿಎಸ್‌ಎಂ, ಇಸಿಟಿ, ಬಾಕ್ಸ್‌ನ ಒಟ್ಟು ಬಲ, ಜೋಡಣೆ ಪಿನ್ನೋ ಗೋಂದೋ ಎಂಬುದೂ ಇರಲಿ. ಫ್ಲೂಟ್ ಗೋಡೆಯಲ್ಲಿ ನಿಂತಿರಬೇಕು. ಅಡ್ಡ ಮಲಗಿದ್ದರೆ ಎಷ್ಟು ಪ್ಲೈ ಇದ್ದರೂ ಕುಸಿಯುತ್ತದೆ. ಬಂದ ಕಟ್ಟುಗಳನ್ನು ನೆಲದ ಮೇಲೆ ಹಾಕದೆ ಹಲಗೆ ಮೇಲೆ ಮಲಗಿಸಿಡಿ.

ಪೂರ್ತಿ ಆರ್ಡರ್‌ಗೆ ಮುಂಚೆ ಮೂರು ಮಾದರಿ ಬಾಕ್ಸ್‌ಗಳಲ್ಲಿ ನಿಮ್ಮದೇ ಸರಕು ತುಂಬಿ, ನಿಮ್ಮದೇ ಗೋದಾಮಿನಲ್ಲಿಟ್ಟು, ಪ್ರತಿಯೊಂದರ ಮೇಲೂ ಹಲಗೆ ಹಾಕಿ ಲೆಕ್ಕದಂತೆ ತಳಕ್ಕೆ ಬೀಳುವಷ್ಟು ಭಾರ ಹೇರಿ. ನಾಲ್ಕು ಮೂಲೆಯ ಎತ್ತರವನ್ನು ದಿನಾ ಅಳೆದು ಬರೆದಿಡಿ. ಮೊದಲ ಒಂದೆರಡು ದಿನ ಕೆಲವು ಮಿ.ಮೀ ಇಳಿಯುವುದು ಸಹಜ, ಆಮೇಲೆ ನಿಧಾನವಾಗಬೇಕು. ಇಳಿತ ದಿನದಿಂದ ದಿನಕ್ಕೆ ಜೋರಾಗುತ್ತಿದ್ದರೆ ಒಂದು ಸಾಲು ಕಡಿಮೆ ಪೇರಿಸಿ, ಇಲ್ಲವೇ ಲೈನರ್‌ನ ಜಿಎಸ್‌ಎಂ ಏರಿಸಿ ಹೊಸ ಮಾದರಿ ತರಿಸಿ.