ತಾರಸಿಯಿಂದ ಸಿವೈ ಅಕ್ವೇರಿ: ನನ್ನ ಅನುಭವ

ಬೆಂಗಳೂರಿನ ಆಕಾಶದಲ್ಲಿ ಹನ್ನೊಂದನೇ ಕಾಂತಿಮಾನದ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಚಂಚಲ ನಕ್ಷತ್ರವನ್ನು, ಅಂದರೆ ಹೊಳಪು ಬದಲಾಗುತ್ತಿರುವ ನಕ್ಷತ್ರವನ್ನು, ಡಿಎಸ್‌ಎಲ್‌ಆರ್ ಕ್ಯಾಮೆರಾದಿಂದ ಅಳೆಯುವುದು ಆಗದ ಮಾತು ಎಂದು ನಮ್ಮ ವೀಕ್ಷಕರ ಬಳಗದಲ್ಲಿ ಹೆಚ್ಚಿನವರು ಹೇಳಿದ್ದರು. "ಕಾವಲೂರಿನ ವೀಕ್ಷಣಾಲಯದ ಕಡೆ ಹೋಗಪ್ಪಾ, ಇಲ್ಲಿ ಬೀದಿದೀಪ ಬಿಟ್ಟರೆ ಬೇರೇನೂ ಸಿಗದು" ಎಂದರು ಹಿರಿಯರೊಬ್ಬರು. ಕಳೆದ ನವೆಂಬರ್‌ನಲ್ಲಿ ವಿಜಯನಗರದ ನಮ್ಮ ತಾರಸಿಯಿಂದಲೇ ಸಿವೈ ಅಕ್ವೇರಿ ಎಂಬ ಅಂಥದೇ ನಕ್ಷತ್ರದ ಹೊಳಪಿನ ಎರಡು ಶಿಖರಗಳು ಒಂದೇ ರಾತ್ರಿಯಲ್ಲಿ ಸಿಕ್ಕವು. ಹೊಳಪಿನ ಏರಿಳಿತದ ಆ ರೇಖೆಯನ್ನು ನೋಡಿದ ಮೇಲೆ ಅದೇ ಹಿರಿಯರು ನಾನು ಫ್ಲ್ಯಾಟ್ (ಚಿತ್ರದಲ್ಲಿನ ಬೆಳಕಿನ ಅಸಮತೆಯನ್ನು ತಿದ್ದಲು ಸಮನಾದ ಬೆಳಕಿಗೆ ತೆಗೆಯುವ ಚಿತ್ರ) ತೆಗೆಯುವ ವಿಧಾನವನ್ನು ಕೇಳಿದರು.

ಈ ನಕ್ಷತ್ರವನ್ನು ಆರಿಸಿದ್ದಕ್ಕೆ ಕಾರಣವಿದೆ. ಅದರ ಆವರ್ತ (ಒಂದು ಶಿಖರದಿಂದ ಮುಂದಿನದಕ್ಕೆ ಹಿಡಿಯುವ ಸಮಯ) ಸುಮಾರು 88 ನಿಮಿಷ, ಏರಿಳಿತ 0.7 ಕಾಂತಿಮಾನದಷ್ಟು. ಕುಂಭ ರಾಶಿಯಲ್ಲಿ ಖಗೋಳ ವಿಷುವದ್ವೃತ್ತಕ್ಕೆ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶದ ರೇಖೆ) ಅಂಟಿಕೊಂಡಂತಿರುವುದರಿಂದ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ದಿಗಂತದ ಹೊಗೆಯ ಕಾಟವಿಲ್ಲ.

ಖರ್ಚಿನ ಮಾತು. ಹಳೆಯ ಕ್ಯಾಮೆರಾ ಹನ್ನೆರಡು ಸಾವಿರದ ಆಸುಪಾಸು, ಐದು ಇಂಚಿನ ನ್ಯೂಟೋನಿಯನ್ (ಕನ್ನಡಿ ದೂರದರ್ಶಕ) ಇಪ್ಪತ್ತು, ಮೋಟಾರು ಸಹಿತ ಇಕ್ವಟೋರಿಯಲ್ ಮೌಂಟ್ (ನಕ್ಷತ್ರದ ಚಲನೆಯನ್ನು ಹಿಂಬಾಲಿಸುವ ದೂರದರ್ಶಕದ ಆಧಾರ) ಇಪ್ಪತ್ತೈದು. ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್‌ಗೆ ಸುರಿದ ಏಳು ಸಾವಿರ ಮಾತ್ರ ನೀರುಪಾಲಾಯಿತು. ಎಲ್‌ಇಡಿ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಫಿಲ್ಟರ್ ಅದನ್ನು ಅಷ್ಟಾಗಿ ತಡೆಯಲಿಲ್ಲ, ಬದಲಿಗೆ ನಾವು ಅಳೆಯುವ ಹಸಿರು ಚಾನೆಲ್ಲನ್ನೇ ಕತ್ತರಿಸಿತು. ಅಳತೆಗೆ ಅದನ್ನು ಯಾರೂ ಕೊಳ್ಳಬೇಡಿ.

ಮೊದಲ ಚಳಿಗಾಲ ಪೂರ್ತಿ ರೇಖೆ ನೆಟ್ಟಗೆ ನಿಲ್ಲಲೇ ಇಲ್ಲ. ನಕ್ಷತ್ರ ನೆತ್ತಿ ದಾಟಿ ಮೌಂಟನ್ನು ತಿರುಗಿಸಿದೊಡನೆ 0.05ರಷ್ಟು ಜಿಗಿತ. ಎಲ್ಲರೂ ಆಕಾಶವನ್ನು ದೂರಿದರು. ಆದರೆ ತೆಳುಮೋಡ ಬಂದಾಗ ಸಿವೈ ಅಕ್ವೇರಿಯೂ ಅದರ ಜೊತೆ ಅಳೆಯುವ ಹೋಲಿಕೆ ನಕ್ಷತ್ರವೂ (ಹೊಳಪು ಬದಲಾಗದ ನೆರೆಯ ನಕ್ಷತ್ರ) ಒಟ್ಟಿಗೆ ಮಂಕಾಗುತ್ತಿದ್ದವು, ವ್ಯತ್ಯಾಸ ಅಲುಗುತ್ತಿರಲಿಲ್ಲ. ಹಾಗಿದ್ದ ಮೇಲೆ ತಪ್ಪು ಆಕಾಶದ್ದಲ್ಲ. ಮೌಂಟ್ ತಿರುಗಿದಾಗ ನಕ್ಷತ್ರಗಳು ಸಂವೇದಕದ ಎದುರು ಮೂಲೆಗೆ ಹೋಗುತ್ತವೆ. ಮೂಲೆಗಳಲ್ಲಿ ಬೆಳಕು ಐದನೇ ಒಂದು ಪಾಲು ಕಡಿಮೆ. ಬಿಳಿ ಬಟ್ಟೆ ಕಟ್ಟಿ ಸಂಜೆಯ ಆಕಾಶಕ್ಕೆ ತೆಗೆದ ಫ್ಲ್ಯಾಟ್ ಸಾಲಲಿಲ್ಲ. ಈಗ ಬೇರೆ ರೀತಿ ತೆಗೆಯುತ್ತೇನೆ. ಅದನ್ನು ಇನ್ನೊಂದು ಋತುವಿನಲ್ಲಿ ಪರೀಕ್ಷಿಸುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಜೊತೆಗೆ, ನವೆಂಬರ್ ನಡುವಿನಲ್ಲಿ ನಕ್ಷತ್ರ ಏಳೂಕಾಲರ ಹೊತ್ತಿಗೆ ನೆತ್ತಿ ದಾಟುತ್ತದೆ. ದಾಟಿದ ಮೇಲೆಯೇ ಶುರು ಮಾಡಿದರೆ ತಿರುಗಿಸುವ ಪ್ರಮೇಯವೇ ಬರುವುದಿಲ್ಲ.

ಹೋಲಿಕೆ ನಕ್ಷತ್ರದ ಬಣ್ಣ ಇನ್ನೊಂದು ತೊಡಕು. ಕೆಂಪು ನಕ್ಷತ್ರವನ್ನು ಹಿಡಿದರೆ ಪಡುವಣಕ್ಕೆ ಇಳಿದಂತೆ ರೇಖೆ ಓರೆಯಾಗುತ್ತದೆ. ಮಂಕಾದರೂ ಬಿಳಿಯದೇ ಬೇಕು. ಐಎಸ್‌ಒ 800, ತಲಾ 40 ಸೆಕೆಂಡು, ಫೋಕಸ್ ಕೊಂಚ ಸಡಿಲ. ಚಿತ್ರದಲ್ಲಿ ನಕ್ಷತ್ರದ ಸುತ್ತ ಹಾಕುವ ಅಳತೆಯ ವೃತ್ತದ ಅಗಲವನ್ನು ಹೇಳುವುದಿಲ್ಲ, ತಾಳೆ ನಕ್ಷತ್ರದ (ಅಳತೆ ಸರಿಯೇ ಎಂದು ನೋಡಲು ಹಿಡಿಯುವ, ಹೊಳಪು ಬದಲಾಗದ ಇನ್ನೊಂದು ನಕ್ಷತ್ರ) ಚದುರುವಿಕೆ 0.02ಕ್ಕೆ ಇಳಿಯುವವರೆಗೆ ನೀವೇ ಹುಡುಕಿಕೊಳ್ಳಿ.

ನವೆಂಬರಿನ ಆ ರಾತ್ರಿ ಅಳತೆಯ ತಂತ್ರಾಂಶವಾದ ಆಸ್ಟ್ರೋಇಮೇಜ್‌ಜೆ ಪರದೆಯ ಮೇಲೆ ಚುಕ್ಕೆಗಳು ಬಹಳ ಹೊತ್ತು ಸಾಲಾಗಿ ಕೆಳಗೇ ಬಿದ್ದಿದ್ದವು. ಆಮೇಲೆ ಹದಿನೈದು ನಿಮಿಷಗಳೊಳಗೆ ಗೋಡೆ ಹತ್ತಿದಂತೆ ಮೇಲೇರಿ, ಚೂಪಾಗಿ ತುದಿ ಮುಟ್ಟಿ, ನಿಧಾನವಾಗಿ ಜಾರತೊಡಗಿದವು. ಸುಮಾರು ಒಂದೂವರೆ ಗಂಟೆಯ ನಂತರ ಮತ್ತೆ ಅದೇ ಏರಿಕೆ! ಸೂರ್ಯಕೇಂದ್ರಿತ ಸಮಯಕ್ಕೆ (ಸೂರ್ಯನಿಂದ ನೋಡಿದ್ದರೆ ದಾಖಲಾಗುತ್ತಿದ್ದ ಸಮಯ) ತಿದ್ದಿದ ಮೇಲೆ ಎರಡೂ ಶಿಖರಗಳು ಮುನ್ಸೂಚನೆಯಿಂದ ಒಂದು ನಿಮಿಷದೊಳಗೇ ಇದ್ದವು. ಕ್ಯಾಮೆರಾದ ಗಡಿಯಾರವನ್ನು ಪ್ರತಿ ಸಂಜೆ ಸರಿಪಡಿಸದೆ ಇದು ಸಾಧ್ಯವಿಲ್ಲ. ನಮಗೊಂದು ಅನುಕೂಲವೂ ಇದೆ: ಖಗೋಳ ವೀಕ್ಷಕರು ದಿನಗಳನ್ನು ಎಣಿಸುವ ಜೂಲಿಯನ್ ದಿನಸಂಖ್ಯೆ ಬದಲಾಗುವುದು ನಮ್ಮ ಸಂಜೆ ಐದೂವರೆಗೆ, ಹಾಗಾಗಿ ಇಡೀ ರಾತ್ರಿ ಒಂದೇ ಸಂಖ್ಯೆಯಲ್ಲಿ ಮುಗಿಯುತ್ತದೆ.

ನಡುವೆ ಮೊಬೈಲಿನಿಂದ ಆಲ್ಗಾಲ್ ಎಂಬ ಜೋಡಿ ನಕ್ಷತ್ರದ ಗ್ರಹಣವನ್ನೂ (ಒಂದು ಇನ್ನೊಂದನ್ನು ಮರೆಮಾಡುವುದು) ಅಳೆದು ನೋಡಿದೆ. ಜೆಪೆಗ್‌ನಲ್ಲಿ ಏನೂ ಹೊಂದಲಿಲ್ಲ. ರಾ (ಸಂಸ್ಕರಿಸದ) ಚಿತ್ರಗಳಲ್ಲಿ 2.1ರಿಂದ 3.4ರವರೆಗಿನ ಇಳಿತ ಒರಟಾಗಿಯಾದರೂ ಬಂತು. ಫೆಬ್ರವರಿಯಲ್ಲಿ ಕರ್ಕಾಟಕ ರಾಶಿಯ ವಿಜಡ್ ಕ್ಯಾಂಕ್ರಿ ಎಂಬ ಚಂಚಲ ನಕ್ಷತ್ರಕ್ಕೆ ತಿರುಗುತ್ತೇನೆ. ಅದರ ಆವರ್ತ ನಾಲ್ಕೂಕಾಲು ಗಂಟೆ, ಏಳು–ಎಂಟನೇ ಕಾಂತಿಮಾನ. 200 ಮಿಮೀ ಲೆನ್ಸ್ ಇದ್ದವರು ದೂರದರ್ಶಕವಿಲ್ಲದೆಯೂ ಜೊತೆಗೂಡಬಹುದು.