ಕೇಪ್ ಕಾಡ್‌ನ 6ಎ ರಸ್ತೆ: ಮನೆ ಓದುತ್ತಾ ಸುತ್ತುವುದು ಹೇಗೆ

ಬಾಸ್ಟನ್‌ಗೆ ಅಪ್ಪ-ಅಮ್ಮನನ್ನು ಕರೆಸಿಕೊಂಡವರೆಲ್ಲ ನನ್ನನ್ನು ಕೇಳುವುದು ಒಂದೇ: ‘ಕೇಪ್ ಕಾಡ್‌ನಲ್ಲಿ ಬೀಚ್ ಬಿಟ್ಟು ಏನಿದೆ?’ ಬಾಸ್ಟನ್‌ನ ದಕ್ಷಿಣಕ್ಕೆ ಕಡಲಿಗೆ ಚಾಚಿಕೊಂಡ ಈ ನೆಲಕ್ಕೆ ಸ್ಯಾಗಮೋರ್ ಸೇತುವೆ ದಾಟಿದರೆ 6ಎ ರಸ್ತೆ ಇದೆಯಲ್ಲ, ಹಳೆಯ ಕಿಂಗ್ಸ್ ಹೈವೇ! ಅದರ ಉದ್ದಕ್ಕೂ ನೋಡಬೇಕಾದದ್ದು ಹಳೆಯ ಕಾಲದ ಮನೆಗಳನ್ನು.

ಮೊದಲು ಫೋನಿನ ಮ್ಯಾಪನ್ನು ನಂಬುವುದು ಬಿಡಿ. 6ಎ ಮುಗಿಯುವ ಊರು ಆರ್ಲಿಯನ್ಸ್ ಎಂದು ಹಾಕಿದಿರೋ, ಬೇಗ ಮುಟ್ಟಿಸಲು ನೇರ 6ನೇ ಹೈವೇಗೆ ಹತ್ತಿಸಿಬಿಡುತ್ತದೆ. ಸ್ಯಾಂಡ್‌ವಿಚ್, ಬಾರ್ನ್‌ಸ್ಟಬಲ್, ಯಾರ್ಮತ್ ಪೋರ್ಟ್, ಡೆನಿಸ್, ಬ್ರೂಸ್ಟರ್ ಅಂತ ಒಂದೊಂದೇ ಊರು ಹಾಕಿಕೊಳ್ಳಿ. ಬೇಸಿಗೆಯ ಶನಿವಾರ ಬೇಡವೇ ಬೇಡ. ಒಮ್ಮೆ ಹತ್ತಕ್ಕೆ ಹೊರಟು, ಸೇತುವೆ ಕಾಣುವ ಮೊದಲೇ ಪುಳಿಯೋಗರೆ ಡಬ್ಬಿ ಖಾಲಿ ಮಾಡಿದವಳು ನಾನು.

ಸ್ಯಾಂಡ್‌ವಿಚ್‌ನಲ್ಲಿ ಇಳಿದು ನಡೆಯಿರಿ. ಕೆರೆಯ ಪಕ್ಕದಲ್ಲೇ ನೀರಿನ ಚಕ್ರದಿಂದ ತಿರುಗುವ ಡೆಕ್ಸ್‌ಟರ್ ಗಿರಣಿ. ಬೀಸಿದ ಮೆಕ್ಕೆಜೋಳದ ಹಿಟ್ಟು ಅಲ್ಲೇ ಮಾರುತ್ತಾರೆ. ಹೊರಗಿನ ಕೊಳವೆಯಲ್ಲಿ ಊರವರು ಕ್ಯಾನ್ ಹಿಡಿದು ಕುಡಿಯುವ ನೀರು ತುಂಬಿಕೊಳ್ಳುತ್ತಿರುತ್ತಾರೆ. ನೀವೂ ಬಾಟಲಿ ಹಿಡಿಯಿರಿ.

ಹತ್ತಿರದ ಹಾಕ್ಸಿ ಹೌಸ್ ಸುಮಾರು 1675ರದು. ಅದನ್ನು ಪಕ್ಕದಿಂದ ನೋಡಬೇಕು: ಮಾಡು ಮುಂದೆ ಗಿಡ್ಡ, ಹಿಂದೆ ನೆಲದ ಹತ್ತಿರದವರೆಗೂ ಇಳಿದಿದೆ. ‘ನಮ್ಮನೆ ಹಿಂದೆ ಕೊಟ್ಟಿಗೆ ಇಳಿಸಿದ ಹಾಗಿದೆಯಲ್ಲೇ!’ ಅಂದಳು ಅಮ್ಮ. ಇಲ್ಲಿಯವರು ಅದಕ್ಕೆ ‘ಸಾಲ್ಟ್‌ಬಾಕ್ಸ್’, ಅಂದರೆ ಉಪ್ಪಿನ ಪೆಟ್ಟಿಗೆ, ಎನ್ನುತ್ತಾರೆ.

ಮುಂದಿನ ದಾರಿಯುದ್ದಕ್ಕೂ ಕಿಟಕಿ ಎಣಿಸಿ. ಬಾಗಿಲ ಎರಡೂ ಬದಿಗೆ ಎರಡೆರಡು ಕಿಟಕಿ, ನಡು ಮಾಡಿನ ಮೇಲೆ ದಪ್ಪ ಚಿಮಣಿ ಇದ್ದರೆ ಅದು ಪೂರ್ತಿ ‘ಕೇಪ್’ (ಇಲ್ಲಿಯ ಹಳೆಯ ಮಾದರಿಯ ತಗ್ಗು ಮನೆಗೂ ಅದೇ ಹೆಸರು). ಒಂದು ಬದಿಗೆ ಎರಡು, ಇನ್ನೊಂದಕ್ಕೆ ಒಂದೇ ಇದ್ದರೆ ಮುಕ್ಕಾಲು. ಬಾಗಿಲು ಮೂಲೆಗೆ ಸರಿದು, ಎರಡೂ ಕಿಟಕಿ ಒಂದೇ ಕಡೆ ಇದ್ದರೆ ಅರ್ಧ ಮನೆ. ಕೈ ಸಡಿಲವಾದಾಗ ಉಳಿದರ್ಧ ಕಟ್ಟಿಸಿದವರೂ ಇದ್ದರು. ಸಾಲಕ್ಕೆ ಬೀಳದ ಜಾಣರು! ಗೋಡೆಯ ಬೂದು ಬಣ್ಣ ಬಳಿದದ್ದಲ್ಲ. ಸೀಡರ್ ಮರದ ಸಣ್ಣ ಹಲಗೆಗಳು ಬಿಸಿಲು, ಉಪ್ಪುಗಾಳಿಗೆ ಹಾಗಾಗಿವೆ.

ಇವೆಲ್ಲ ಉಳಿದಿರುವುದಕ್ಕೆ 1973ರ ಕಾನೂನೂ ಕಾರಣ. ರಸ್ತೆಗೆ ಕಾಣುವ ಹೊರಭಾಗವನ್ನು ಬದಲಿಸಬೇಕಾದರೆ ಊರಿನ ಸಮಿತಿಯ ಒಪ್ಪಿಗೆ ಬೇಕು, ಬಣ್ಣ ಬದಲಿಸಲಿಕ್ಕೂ. ಆದರೆ ಇವು ಜನ ಬಾಳುವ ಮನೆಗಳು. ಮ್ಯೂಸಿಯಂ ಎಂದುಕೊಂಡು ಅಪ್ಪ ಒಂದು ಜಗಲಿ ಹತ್ತಿ ಕೂತೇಬಿಟ್ಟಿದ್ದರು. ಒಳಗಿಂದ ಅಜ್ಜಿಯೊಬ್ಬರು ಬಂದು ‘ಯಾರು ಬೇಕಿತ್ತು?’ ಅಂದರು. ಬೋರ್ಡ್ ನೋಡಿಯೇ ಹತ್ತಿ.

ಕೊನೆಗೆ ಬ್ರೂಸ್ಟರ್. ಅಲ್ಲಿನ ಬ್ರೂಸ್ಟರ್ ಸ್ಟೋರ್ 1852ರಲ್ಲಿ ಚರ್ಚಾಗಿ ಕಟ್ಟಿದ್ದು, 1866ರಲ್ಲಿ ಅಂಗಡಿಯಾಯಿತು. ಹೊರಗಿನ ಬೆಂಚಲ್ಲಿ ಕೂತು ಐಸ್‌ಕ್ರೀಂ ತಿನ್ನಿ. ಬ್ರೂಸ್ಟರ್ ಬೀಚಿನಲ್ಲಿ ಸಮುದ್ರ ಇಳಿತದ ಹೊತ್ತನ್ನು ಮಾತ್ರ ಮನೆಯಲ್ಲೇ ನೋಡಿಕೊಂಡು ಹೊರಡಿ: ಆಗ ಕೊಲ್ಲಿಯ ನೀರು ಮೈಲಿ ದೂರ ಹಿಂದೆ ಸರಿದಿರುತ್ತದೆ. ಚಪ್ಪಲಿ ಕಾರಲ್ಲೇ ಬಿಟ್ಟು ಮರಳ ಮೇಲೆ ನಡೆಯಿರಿ. ನೀರು ಮತ್ತೆ ಏರಿ, ಬೆನ್ನ ಹಿಂದೆ ಮರಳಿನ ನಡುವಿನ ಕಾಲುವೆಗಳು ತುಂಬುವ ಮುಂಚೆ ದಡಕ್ಕೆ ತಿರುಗಿ.